ನೂರೈವತ್ತು ಗಜ

ಪೆಟ್ರಿಯವರಿಗೆ ಒಂದೇ ಸಂಖ್ಯೆ ಬೇಕು.
ಮೂವತ್ತೆರಡು ವರ್ಷ ತೂಕ-ಅಳತೆ ಇಲಾಖೆಯಲ್ಲಿದ್ದು
ಫೈಫ್ ಕರಾವಳಿಯ ಮೀನಂಗಡಿ, ಮಾಂಸದಂಗಡಿ, ಕಲ್ಲಿದ್ದಲ ಡಿಪೋ,
ಎಲ್ಲರ ತಕ್ಕಡಿಗೂ ಮುದ್ರೆ ಒತ್ತಿದವರು.
ತೂಕದ ಕಲ್ಲು ಅಂದರೆ ಕಲ್ಲು,
ಬೆಳಿಗ್ಗೆಗೊಂದು ಸಂಜೆಗೊಂದು ಆಗುವುದುಂಟೆ?
"ಸೆವೆನ್ ಐರನ್‌ಗೆ ನಾನು ನೂರೈವತ್ತು, ಇಶ್ಬೆಲ್.
ಬರೆದುಕೊ."

ಬರೆದುಕೊಂಡೆ.
ಹೊಡೆದರು: ನೂರ ಮೂವತ್ತೆಂಟು.
ಮಂಗಳವಾರ ನೂರ ನಲವತ್ತನಾಲ್ಕು.
ಗುರುವಾರ ನೂರ ಐವತ್ತೊಂಬತ್ತು, ಗ್ರೀನ್ ದಾಟಿ
ಹಳದಿ ಹೂವಿನ ಮುಳ್ಳುಪೊದೆಯೊಳಕ್ಕೆ.
ಆ ಚೆಂಡು ಇನ್ನೂ ಮನೆಗೆ ಬಂದಿಲ್ಲ.

ಮೊದಲ ದೂರು ಗಾಳಿಯ ಮೇಲೆ.
ಇರಲಿ, ಗಾಳಿ ಜುಗ್ಗನೇ.
ಬೆನ್ನ ಹಿಂದೆ ನಿಂತಾಗ ಕೊಡುವುದು ಹಿಡಿಯಷ್ಟು,
ಎದುರಾದಾಗ ಕಿತ್ತುಕೊಳ್ಳುವುದು ಬೊಗಸೆಯಷ್ಟು.
ಆಮೇಲಿನ ದೂರು ಮಂಜಿನ ಮೇಲೆ.
ಹಾರ್ ಅನ್ನುತ್ತೇವೆ ನಾವಿಲ್ಲಿ,
ಏಪ್ರಿಲ್‌ನಲ್ಲಿ ಸಮುದ್ರ ಬಿಟ್ಟು ತೆವಳಿಕೊಂಡು ಬರುವ ಬೂದುಬಣ್ಣದ್ದಕ್ಕೆ.
ಹೆಸರಷ್ಟೇ ಹಾರ್. ಅದರೊಳಗೆ ಹೊಕ್ಕ ಚೆಂಡು
ಹಾರುವುದನ್ನೇ ಮರೆತಂತೆ ದೊಪ್ಪನೆ ಬೀಳುತ್ತದೆ.
"ಒದ್ದೆ ಗಾಳಿ ಭಾರ," ಎನ್ನುತ್ತಾರೆ ಪೆಟ್ರಿ.
ಅಲ್ಲ, ಒದ್ದೆ ಗಾಳಿ ಕೊಂಚ ಹಗುರ.
ನನ್ನ ತಮ್ಮ ಶಾಲೆಯಲ್ಲಿ ಕಲಿಸುವುದೇ ಇದನ್ನು.
ಭಾರವೆಲ್ಲ ಚಳಿಯದ್ದು.
ಚಳಿಗೆ ಗಾಳಿ ಗಟ್ಟಿ, ಚೆಂಡು ಗಟ್ಟಿ, ಪೆಟ್ರಿಯವರ ಸೊಂಟ ಗಟ್ಟಿ,
ಮೂರೂ ಸೇರಿ ಹನ್ನೆರಡು ಗಜ ನುಂಗಿ
ನೀರು ಕುಡಿಯುತ್ತವೆ.

ಹುಲ್ಲನ್ನು ಯಾರೂ ದೂರುವುದಿಲ್ಲ.
ಇಬ್ಬನಿ ಹೊತ್ತ ಒಂದೇ ಒಂದು ಎಸಳು
ಕಬ್ಬಿಣಕ್ಕೂ ಚೆಂಡಿಗೂ ನಡುವೆ ಸಿಕ್ಕಿಕೊಂಡರೆ
ಚೆಂಡು ಸುತ್ತುವುದಿಲ್ಲ, ಸೋಪಿನಂತೆ ಜಾರಿ
ನಿಲ್ಲಿಸುವವರಿಲ್ಲದೆ ಹೋಗುತ್ತದೆ.
ಗುರುವಾರದ ಕಥೆ ಇಷ್ಟೆ.
ಪೆಟ್ರಿ ಮಾತ್ರ ಆ ದಿನ ತಮ್ಮ ತೋಳನ್ನು
ಎರಡು ಸಲ ಮುಟ್ಟಿ ನೋಡಿಕೊಂಡರು.

ಹಾಗಾದರೆ ಈ ನೂರೈವತ್ತು ಬಂದದ್ದೆಲ್ಲಿಂದ?
ನನ್ನ ಹಳೆಯ ಪುಸ್ತಕದಲ್ಲಿದೆ.
ಹದಿನಾಲ್ಕು ವರ್ಷದ ಹಿಂದಿನ ಜುಲೈ,
ಮಳೆ ಕಾಣದೆ ಮೈದಾನಕ್ಕೆ ಬಿಸ್ಕತ್ತಿನ ಬಣ್ಣ,
ಬೆನ್ನಿಗೆ ನೈಋತ್ಯದ ಗಾಳಿ.
ಬಿದ್ದದ್ದು ನೂರ ಮೂವತ್ತಾರಕ್ಕೆ,
ಪುಟಿದು, ಪುಟಿದು, ಉರುಳಿ
ನೂರೈವತ್ತಕ್ಕೆ ನಿಂತಿತು.
ಅಂದೇ ಮುದ್ರೆ ಒತ್ತಿಬಿಟ್ಟರು.
ಮದುವೆಯ ಫೋಟೋದಲ್ಲಿರುವ ಸೊಂಟದಳತೆಯನ್ನೇ
ದರ್ಜಿಗೆ ಹೇಳುತ್ತಾರಲ್ಲ ಕೆಲವರು, ಹಾಗೆ.

ಸೆಪ್ಟೆಂಬರಿನ ಒಂದು ಸಂಜೆ ಇಪ್ಪತ್ತು ಚೆಂಡು ಹೊಡೆಸಿದೆ.
ಅದೇ ಕೋಲು, ಅದೇ ಗಾಳಿ, ಅದೇ ಮನುಷ್ಯ.
ದೋಣಿಯಿಂದ ಇಳಿಸುವಾಗ ಬುಟ್ಟಿ ಮಗುಚಿ
ಮೀನು ಚೆಲ್ಲಿದ ಹಾಗೆ ಬಿದ್ದುಕೊಂಡವು.
"ನೋಡಿ, ಇದು ನಿಮ್ಮ ದೂರ," ಎಂದೆ.
"ಇದರಲ್ಲಿ ಯಾವುದು?"
"ಅಷ್ಟೂ."
ಬಹಳ ಹೊತ್ತು ನಿಂತರು,
ಕಳ್ಳ ತಕ್ಕಡಿ ಸಿಕ್ಕಿದ ಅಂಗಡಿಯಲ್ಲಿ ನಿಲ್ಲುತ್ತಿದ್ದರೇನೋ, ಹಾಗೆ.
ಕೊನೆಗೆ ಎಲ್ಲಕ್ಕಿಂತ ಹಿಂದೆ ಬಿದ್ದದ್ದನ್ನು ಎತ್ತಿ
ಕರವಸ್ತ್ರದಿಂದ ಒರೆಸಿ
"ಇದೂ?" ಎಂದರು.

ಒಂದು ಮಾತು ಮಾತ್ರ ಅವರಿಗೆ ಹೇಳಿಲ್ಲ.
ಇಲ್ಲಿ ಅಳತೆಗೋಲು ನನ್ನ ಕಾಲು.
ಹೆಜ್ಜೆಗೊಂದು ಗಜ. ಅಪ್ಪನೂ ಇದೇ ಚೀಲ ಹೊತ್ತವನು,
ಮರಳ ಮೇಲೆ ಹಗ್ಗ ಹಾಸಿ ಕಲಿಸಿದ್ದು
ನನಗೆ ಹದಿನೇಳಾಗಿದ್ದಾಗ.
ಈಗ ಎಡ ಮಂಡಿ ಪೂರ್ತಿ ಬಾಗುವುದಿಲ್ಲ.
ಹೆಜ್ಜೆ ಎರಡು ಬೆರಳಗಲ ಕುಗ್ಗಿದೆ,
ಮೂರೂ ಇರಬಹುದು, ಅಳೆಯಲು ಹೋಗಿಲ್ಲ.
ನನ್ನ ಪುಸ್ತಕ ನಂಬುವುದಾದರೆ
ಎಪ್ಪತ್ತೊಂಬತ್ತರ ಪೆಟ್ರಿ
ವರ್ಷದಿಂದ ವರ್ಷಕ್ಕೆ ಒಂದೊಂದು ಗಜ
ಮುಂದೆ ಹೊಡೆಯುತ್ತಿದ್ದಾರೆ.

ಇಲಾಖೆಯವರು ಕೇಳಿದರೆ ಕಾಲು ತೋರಿಸಲೇಬೇಕು.
ಕೇಳಿಲ್ಲ.
ನಾಳೆ ಎಂಟೂವರೆಗೆ ಮೊದಲ ಹೊಡೆತ, ಬಡಗಣ ಗಾಳಿಯಂತೆ.
ಚೆಂಡನ್ನು ಈಗಲೇ ಒಲೆಯ ಪಕ್ಕ ಇಟ್ಟಿದ್ದೇನೆ.