ಟಿ ಟಿ ವೈ

ಹೊಸ ಹುಡುಗ ಕೇಳಿದ, ರಾತ್ರಿ ಪಾಳಿ,
ಆಸ್ಪತ್ರೆಯ ನೆಲಮಾಳಿಗೆ, ಸರ್ವರ್ ಕೋಣೆಯ ಚಳಿ:
‘ಈ ಟಿ ಟಿ ವೈ ಅಂದರೇನು?
ಎಲ್ಲಿ ನೋಡಿದರೂ ಇದೆ, ಯಾರೂ ಹೇಳುವುದಿಲ್ಲ.’

ಟೆಲಿಟೈಪ್‌ರೈಟರ್, ಅಂದೆ.
ಇಲ್ಲಿ ಒತ್ತಿದ ಅಕ್ಷರ
ಎಲ್ಲೋ ದೂರದ ಕಾಗದದ ಮೇಲೆ ಬೀಳುವ ಯಂತ್ರ.
ಕಂಪ್ಯೂಟರಿಗೆ ಪರದೆಯಿಲ್ಲದ ಕಾಲಕ್ಕೆ
ಅದನ್ನೇ ತಂದು ತಂತಿ ಕಟ್ಟಿ ಕೂರಿಸಿದರು.
ಯಂತ್ರ ಗುಜರಿಗೆ ಹೋಯಿತು.
ಹೆಸರು ಉಳಿಯಿತು, ರಾಜನ ಮುಖ ಸವೆದ ಮೇಲೂ
ಚಲಾವಣೆಯಲ್ಲಿರುವ ಬಿಲ್ಲೆಯ ಹಾಗೆ.

‘ಅಷ್ಟೇನಾ?’
ಅಷ್ಟೇ.

ಅಷ್ಟೇ ಅಲ್ಲ.
ಮಿಲ್ವಾಕಿ, ಎಪ್ಪತ್ತೊಂದರ ಫೆಬ್ರುವರಿ.
ತಂತಿ ಕಚೇರಿ ಬೇಡವೆಂದು ಬಿಸಾಕಿದ್ದು
ಡೆಲ್ಬರ್ಟ್ ಹಾಫ್ನರನ ಪಿಕಪ್ಪಿನಲ್ಲಿ, ಕಂಬಳಿ ಹೊದ್ದು, ನಮ್ಮ ಮನೆಗೆ ಬಂತು.
ಹೆಣಭಾರ. ನಾಲ್ವರು ಹೊತ್ತರು.
ನಾಲ್ವರೂ ಕಿವುಡರು. ಕೈಗಳೆಲ್ಲ ಯಂತ್ರಕ್ಕೆ ಕೊಟ್ಟಿದ್ದರಿಂದ
‘ಮೆಟ್ಟಿಲು, ಜೋಪಾನ’ ಎನ್ನಲು ಯಾರಿಗೂ ಬಾಯಿಲ್ಲ.
ಹುಬ್ಬಿನಲ್ಲೇ ಕೂಗಾಡಿಕೊಂಡು ಇಳಿಸಿದರು.

ಅಪ್ಪ ಪತ್ರಿಕೆಯ ಅಚ್ಚುಮನೆಯಲ್ಲಿದ್ದ,
ಆ ಗದ್ದಲದಲ್ಲಿ ನೆಮ್ಮದಿಯಾಗಿ ದುಡಿಯಬಲ್ಲವನು ಅವನೊಬ್ಬನೇ.
ಮೂವತ್ತೆಂಟು ತುಂಬಿದರೂ ಯಾರಿಗೂ ಫೋನು ಮಾಡಿದವನಲ್ಲ.
ಅಂದು ರಿಸೀವರನ್ನು ಎರಡು ರಬ್ಬರ್ ಬಟ್ಟಲಲ್ಲಿ ಮಲಗಿಸಿ
ಒತ್ತಿದ. ನೆಲ ನಡುಗಿತು.
ಅಮ್ಮ ಗೋಡೆಗೆ ಅಂಗೈ ಇಟ್ಟು ನಕ್ಕಳು.
ರಸೀನ್ ಊರಿನಿಂದ ವಿಲ್ಮಾ ಅತ್ತೆಯ ಸಾಲು:
ಅಲ್ಲಿ ಹಿಮ ಬೀಳುತ್ತಿದೆಯೇ ಜಿ ಎ

ಜಿ ಎ ಅಂದರೆ, ನನ್ನದಾಯಿತು, ಇನ್ನು ನೀನು.
ಎಸ್ ಕೆ ಅಂದರೆ, ಸಾಕು, ಮಲಗೋಣ.
ಬೆರಳು ನೋಯುತ್ತದಲ್ಲ, ಅದಕ್ಕೇ ಎಲ್ಲವೂ ಮೊಟಕು.
ಯಂತ್ರದ ಹೆಸರೂ ಕೈಯಲ್ಲಿ ಮೊಟಕೇ:
ಮುಷ್ಟಿಯೊಳಗೆ ಹೆಬ್ಬೆರಳು ತೂರಿಸಿ ಎರಡು ಸಲ,
ಹೆಬ್ಬೆರಳು ಕಿರುಬೆರಳು ಚಾಚಿ ಒಂದು ಸಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು
ಅನ್ನುತ್ತಾರೆ. ನಮ್ಮಲ್ಲಿ ಹೋಗಲಿಲ್ಲ.
ಆಡಿದ್ದೆಲ್ಲ ಹಳದಿ ಸುರುಳಿಯಾಗಿ ಬಿದ್ದಿರುತ್ತಿತ್ತು:
ಜಗಳ, ಹಂದಿಮಾಂಸದ ಬೆಲೆ, ಅಮ್ಮನಿಗೆ ಗರ್ಭ ನಿಲ್ಲದ್ದು,
ಡೆಲ್ಬರ್ಟನ ಬೌಲಿಂಗ್ ಸ್ಕೋರು,
ಎಲ್ಲ ಒಂದೇ ಶಾಯಿಯಲ್ಲಿ.
ಕಿವಿ ಕೇಳುವ ಮಗಳು ನಾನು
ಕದ್ದು ಕೇಳುವುದನ್ನು ಕಲಿಯಲಿಲ್ಲ. ಕದ್ದು ಓದಿದೆ.

ಹುಡುಗನಿಗೆ ಇದೊಂದೂ ಹೇಳಲಿಲ್ಲ.
ಅವನೇ ಆ ಮೂರಕ್ಷರ ಒತ್ತಿ ನೋಡಿದ.
‘ನಾನು ಕೂತಿರುವುದು ಎಲ್ಲಿ’ ಎಂದು ಕೇಳಿದಂತೆ ಅದು.
ಯಂತ್ರ ತನ್ನ ಅಂಕಿ ಹೇಳಿತು.
ಆಚೆ ತುದಿಯಲ್ಲಿ ಯಾರೂ ಕೂತಿರದಿದ್ದರೆ
‘ಟಿ ಟಿ ವೈ ಅಲ್ಲ’ ಅನ್ನುವುದೂ ಉಂಟು.

ಕೊನೆಯ ಸುರುಳಿ ನನ್ನ ಬೀರುವಿನಲ್ಲಿದೆ.
ಅಪ್ಪ, ವಿಲ್ಮಾ ಅತ್ತೆಗೆ:
ತೋಳು ಯಾಕೋ ಜೋಮು ಹಿಡಿದಿದೆ ನಾಳೆ ನೋಡೋಣ
ಇಲ್ಲಿ ಹಿಮ ನಿಂತಿತು ಜಿ ಎ
ಆಮೇಲೆ ಅವಳದು:
ಇದ್ದೀಯಾ ಜಿ ಎ
ಇದ್ದೀಯಾ ಜಿ ಎ
ಇದ್ದೀ
ಮುಂದೆ ಬರೀ ಹಳದಿ.

ಹುಡುಗ ಕಾಫಿಗೆ ಹೋದ.
ಪರದೆಯಲ್ಲಿ ಕರ್ಸರ್ ಮಿಣುಕುತ್ತಿತ್ತು.
ಕೂತು, ಜಿ ಎ ಎಂದು ಒತ್ತಿದೆ.
‘ಅಂಥ ಆಜ್ಞೆ ಇಲ್ಲ’ ಅಂದಿತು,
ಮತ್ತೆ ಕಾಯತೊಡಗಿತು.