ಹೆಸರು ಉದ್ದ ಆಗೇದ

ಅಕ್ಕಲಕೋಟ, ಮೈಂದರ್ಗಿ ರೋಡ್, ನನ್ನ ದುಕಾನ.
ಪಿಗ್ಮಿ ಹತ್ತೂರೆ ಕೈಚೀಲದಾಗಿಂದ
ಟವೆಲಿನ್ಯಾಗ ಸುತ್ತಿದ ಹಾರ್ಡ್‌ಡಿಸ್ಕ್ ತಗದ್ರು:
"ಎಲ್ಲಾ ಅಳಸೀನಿ. ಒಂದಽ ಒಂದು ಹೋಗವಲ್ದು."

ಕೇಬಲ್ ಬದಲಿಸಿದೆ. ಬ್ಯಾರೆ ಪೋರ್ಟಿಗೆ ಚುಚ್ಚಿದೆ.
ಆ್ಯಂಟಿವೈರಸ್ ಬಂದ್ ಮಾಡಿದೆ, ಚಾಲೂ ಮಾಡಿದೆ.
ಡಿಸ್ಕ್ ತಪಾಸಣಿಗೆ ಹಚ್ಚಿ ಎರಡು ಚಹಾ ಆದುವು.
ತಪ್ಪೇನೂ ಇಲ್ಲ ಅಂತು.
ಮತ್ತ ಡಿಲೀಟ್ ಒತ್ತಿದರ ಅದಽ ಡಬ್ಬಿ, ಅದಽ ಮಾತು:
ಹೆಸರು ಭಾಳ ಉದ್ದ ಆಗೇದ.

ಆವಾಗ ಓದಿದೆ, ಕರ್ಸರ್ ಬಲಕ್ಕ ಎಳಕೋತ:
ರುಕಮಾಬಾಯಿ ಗಿರಣಿ ಹಿಂದಿನಾಕಿ ಎರಡು ಸಾವಿರ ಬಾಕಿ
ದೀಪಾವಳಿಗಿ ಕೊಡ್ತಾಳಂತ ಕೊಟ್ಟಿಲ್ಲ
ತೊಗರಿ ಬಂದಮ್ಯಾಲಂತ ಎಮ್ಮಿ ಈದಮ್ಯಾಲಂತ
ಎಮ್ಮಿ ಗೊಡ್ಡಂತ ಮಗಳ ಬಾಣಂತನಂತ ಮುಂದಿನ ಸೋಮವಾರಂತ

"ಹೋದಾಗೊಮ್ಮೆ ಹೆಸರಿಗೇ ಒಂದ್ ಮಾತು ಸೇರಸ್ತಿದ್ನಿ,"
ಹತ್ತೂರೆ ಕಿವಿ ಕೆರಕೊಂಡ್ರು.
"ಒಳಗ ಬರಿಯೂದು ಗೊತ್ತಿರಲಿಲ್ಲ."

ಒಳಗ ನೋಡಿದೆ. ಸೊನ್ನೆ ಕೆಬಿ.

ಗಿಡ್ಡ ಮಾಡಿದ್ರ ಹೋಗ್ತದ ಅಂದೆ.
ಸೋಮವಾರ ಕತ್ತರಿಸಿದೆ. ಬಾಣಂತನ ಕತ್ತರಿಸಿದೆ.
ಎಮ್ಮಿಗೆ ಬಂದಾಗ ಅವರು "ತಡಿ" ಅಂದ್ರು,
"ಅದು ಖರೇನಽ ಗೊಡ್ಡಿತ್ತು. ನಾ ನೋಡೀನಿ."

ಎಮ್ಮಿ ಹೋತು, ತೊಗರಿ ಹೋತು,
ದೀಪಾವಳಿ, ಎರಡು ಸಾವಿರ, ಗಿರಣಿ.
ಉಳದದ್ದು ರುಕಮಾಬಾಯಿ ಅಷ್ಟಽ.
ಮೌಸ್ ಅವರ ಕಡೆ ಸರಿಸಿದೆ.
ಸ್ವಲ್ಪ ಹೊತ್ತು ಕೈ ಇಟ್ಟು ಕೂತು, ಒತ್ತಿದ್ರು.
ಡಬ್ಬಿ ಬರಲಿಲ್ಲ.

ಟವೆಲಿನ್ಯಾಗ ಮತ್ತ ಡಿಸ್ಕ್ ಸುತ್ತಿಕೋತ ಕೇಳಿದ್ರು:
"ನಿಂದೆಷ್ಟಾತು?"
"ಐವತ್ತು."
"ಸೋಮವಾರ ಕೊಡ್ತೀನಿ."