ತೊಂಬತ್ತಾರು ಚೀಲ

ಹಾಸನದ ಆಲೂಗಡ್ಡೆ ಮಂಡಿಯಲ್ಲಿ ಹತ್ತು ವರ್ಷ
ಗೋಣಿಚೀಲದ ಬಾಯಿ ಹೊಲಿದವಳು ನಾನು.
ದಬ್ಬಳ, ಹುರಿ, ಮೊಣಕಾಲಿನ ಒತ್ತು.
ತೂತಿದ್ದರೆ ಬಯ್ಯುವವರಿರಲಿಲ್ಲ,
ಗಡ್ಡೆ ಬೀಳದಿದ್ದರೆ ಸಾಕು. ಮಣ್ಣು ಉದುರಿದರೆ
ತೂಕ ನಿಜವಾಯ್ತು ಬಿಡಮ್ಮ ಅಂತ ನಗುತ್ತಿದ್ದರು.

ಈಗ ಊರಾಚೆ, ಕಸ ಸುಡುವಲ್ಲಿ,
ತೊಂಬತ್ತಾರು ಚೀಲ ನನ್ನ ಪಾಲಿಗೆ.
ಒಂದೊಂದೂ ಎರಡಾಳುದ್ದ,
ತಂತಿಯ ಪಂಜರಕ್ಕೆ ತೊಡಿಸಿದ ಬಿಳಿ ಅಂಗಿ.
ಇವಕ್ಕೆ ಯಾರೂ ಏನೂ ತುಂಬುವುದಿಲ್ಲ.
ಗಾಳಿ ಒಳಗೆ ಬರುತ್ತದೆ, ಬೂದಿ ಹೊರಗೇ ನಿಲ್ಲುತ್ತದೆ.
ಇಷ್ಟು ತಿಳಿಯಲು ನನಗೆ ಒಂದು ವಾರ ಹಿಡಿಯಿತು.

ಕಟ್ಟಿನಕೆರೆ ಮಾರ್ಕೆಟ್ಟಿನ ಕೊಳೆತ ಕೋಸು,
ಛತ್ರದ ಥರ್ಮೊಕೋಲಿನಲ್ಲಿ ವಧೂವರರ ಹೆಸರು,
ಹಾಲಿನ ಕವರು, ಡೈಪರು, ಯಾರದೋ ಎದೆಯ ಎಕ್ಸ್‌ರೇ,
ಎಲ್ಲ ಉರಿಯುತ್ತದೆ.
"ದಪ್ಪ ಬೂದಿಗೆ ಹೆದರಬೇಡಿ," ಇಂಜಿನಿಯರು ಧರಣೇಂದ್ರ,
"ಅದು ಕೆಮ್ಮಿದರೆ ಬರುತ್ತೆ. ಸಣ್ಣದು ಹಾಗಲ್ಲ.
ಒಂದು ಕೂದಲ ಅಗಲಕ್ಕೆ ಮೂವತ್ತು, ಪಕ್ಕಪಕ್ಕ ನಿಲ್ಲುತ್ತೆ.
ಮೂಗು ತಡೆಯಲ್ಲ, ಗಂಟಲು ತಡೆಯಲ್ಲ,
ನೆತ್ತರಿಗೇ ಇಳಿಯುತ್ತೆ."
ನಾನು ಜಡೆ ಮುಟ್ಟಿ ನೋಡಿಕೊಂಡೆ.
"ನಮ್ಮಜ್ಜಿ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯೋರು,
ಕಾಣದ ಜೀವ ಇರ್ತವೆ ಅಂತ.
ನಾನು ಗಾಳಿ ಸೋಸ್ತಿದೀನಿ, ನೋಡಿ."

ಮೊದಲ ತಿಂಗಳು ಒಂದು ತಪ್ಪು ಮಾಡಿದೆ.
ಬಿಳಿ ಬಟ್ಟೆಗೆ ಹತ್ತಿದ ಬೂದಿ ಕಂಡು ಕೈ ಸುಮ್ಮನಿರದೆ
ಗುಂಡಿ ಒತ್ತಿ ಒತ್ತಿ ಕೊಡವಿಸಿದೆ, ಢಬ್, ಢಬ್,
ಹಬ್ಬಕ್ಕೆ ಚಾಪೆ ಕೊಡವಿದ ಹಾಗೆ.
ಮಾಪಕದ ಮುಳ್ಳು ಇಳಿಯಲಿಲ್ಲ, ಏರಿತು.
"ಅಷ್ಟೊಂದು ಶುದ್ಧ ಬೇಡ ಚಿಕ್ಕತಾಯಮ್ಮನೋರೇ,
ಒಂದು ಪದರ ಇರಲಿ.
ಬಟ್ಟೆ ತಡೆಯೋದು ಕಮ್ಮಿ,
ಬೂದಿನ ತಡೆಯೋದು ಬೂದಿನೇ."
ಮೂರು ಹೊತ್ತೂ ನೆಲ ಒರೆಸಿಸಿದ ನಮ್ಮತ್ತೆ
ಇದನ್ನು ಕೇಳಲು ಬದುಕಿರಬೇಕಿತ್ತು.

ಹೋದ ಶನಿವಾರ ಮುಳ್ಳು ಒಂದಿಷ್ಟು ಅಲುಗಿತು.
ಚಿಮಣಿಯ ತುದಿಯಲ್ಲಿ ಏನೂ ಇಲ್ಲ,
ಒಗೆದು ಹರವಿದಂಥ ಆಕಾಶ.
ಒಲೆ ಆರಿಸಿ, ಕೊಳವೆಗೆ ಹೊಳೆಯುವ ಪುಡಿ ಬಿಟ್ಟು,
ಮುಚ್ಚಳ ಎತ್ತಿ, ಕತ್ತಲು ಮಾಡಿ,
ನೇರಳೆ ದೀಪ ಹಿಡಿದು ಬಾಯಿಬಾಯಿಗೂ ಬಗ್ಗಿದೆ.
ಕಪ್ಪು. ಕಪ್ಪು. ಕಪ್ಪು.
ಏಳನೇ ಸಾಲು, ಮೂರನೆಯದು:
ಸಾಸಿವೆಯಷ್ಟು ಹಸಿರು, ಮಿಂಚುಹುಳ ಸಿಕ್ಕಿಕೊಂಡ ಹಾಗೆ.

ಬಟ್ಟೆ ಹರಿದಿರಲಿಲ್ಲ. ದಾರವೂ ಸರಿಯಿತ್ತು.
ಸೂಜಿ ಹೋಗಿಬಂದ ತೂತು, ಅಷ್ಟೇ,
ಮೇಲೆ ಬಳಿದ ಅಂಟು ಬಿಟ್ಟಿತ್ತು.
ದೀಪ ಆರಿಸುವುದು ಮರೆತು ನಿಂತೆ.
ಹತ್ತು ವರ್ಷ, ದಿನಕ್ಕೆ ಇನ್ನೂರು ಚೀಲ,
ಚೀಲಕ್ಕೆ ಹದಿನಾಲ್ಕು ತೂತು
ನನ್ನ ಕೈಯಿಂದಲೇ.

ಹೊಸದು ತೊಡಿಸಿ ರಿಜಿಸ್ಟರಿನಲ್ಲಿ ಬರೆದೆ:
ಏಳು, ಮೂರು. ಬದಲಾಗಿದೆ. ಸಹಿ.

ಸಂಜೆ ಬಸ್ಸಿನಲ್ಲಿ ಪಕ್ಕದವಳ ಮಡಿಲ ಕೂಸು ಆಕಳಿಸಿತು,
ಅದೆಷ್ಟು ದೊಡ್ಡ ಬಾಯಿ ಅದರದು!
ಕಿರುನಾಲಿಗೆಯವರೆಗೂ ತೆರೆದು, ಯಾರನ್ನೂ ಕೇಳದೆ,
ಊರಿನ ಗಾಳಿಯನ್ನೆಲ್ಲ ಒಳಗೆಳೆದುಕೊಂಡಿತು.
ಸಂತೆಪೇಟೆ ದಾಟಿತು.
ನಾನು ಇಳಿಯಬೇಕಿತ್ತು.